ಚಾರ್ಜ್ ಆಗುತ್ತದೆ, ಫೈಲ್ ದಾಟುವುದಿಲ್ಲ: ಎರಡು ಮಾವಿನ ಸುಗ್ಗಿ ಕಂಡ ಯುಎಸ್‌ಬಿ ಕೇಬಲ್

ನೂಲಿನ ಹೆಣಿಗೆಯ ಹೊದಿಕೆಯಿರುವ ಈ ಕೇಬಲ್ಲಿಗೆ ಐದು ಸ್ಟಾರ್ ಕೊಟ್ಟವರಲ್ಲಿ ಹೆಚ್ಚಿನವರು ಕೊಂಡ ವಾರದಲ್ಲೇ ಬರೆದವರು. ಆಗ ಬರೆದಿದ್ದರೆ ನಾನೂ ಅಷ್ಟನ್ನೇ ಕೊಡುತ್ತಿದ್ದೆ. ಶ್ರೀನಿವಾಸಪುರ ತಾಲ್ಲೂಕಿನ ಮಾವಿನ ತೋಟಗಳಲ್ಲಿ ಬೂದಿ ರೋಗ ತಗುಲಿದ ಹೂಗೊಂಚಲು, ಜಿಗಿಹುಳು ಬಿದ್ದ ಚಿಗುರು, ಬಂದಳಿಕೆ ಹಬ್ಬಿದ ಕೊಂಬೆಗಳ ಫೋಟೊ, ವಿಡಿಯೊ ತೆಗೆದು, ಸಂಜೆ ಕೋಲಾರದ ಮನೆಯಲ್ಲಿ ಅವನ್ನು ಲ್ಯಾಪ್‌ಟಾಪಿಗೆ ಇಳಿಸಿ ತೋಟವಾರು ಫೋಲ್ಡರುಗಳಲ್ಲಿ ಜೋಡಿಸುವುದು ನನ್ನ ಕೆಲಸ. ಅಷ್ಟೊಂದು ವಿಡಿಯೊವನ್ನು ದಿನದ ಡೇಟಾ ಪ್ಯಾಕಿನಲ್ಲಿ ಕ್ಲೌಡಿಗೆ ಏರಿಸುವುದು ಆಗದ ಮಾತಾದ್ದರಿಂದ, ಕೇಬಲ್ಲಿನ ಗುಣವನ್ನು ನಾನು ಅಳೆಯುವುದು ಫೈಲ್ ದಾಟಿಸುವ ಕೆಲಸದಿಂದಲೇ.

ಮೊದಲ ಸುಗ್ಗಿಯಲ್ಲಿ ಇದು ಒಮ್ಮೆಯೂ ಕೈಕೊಡಲಿಲ್ಲ. ಫೋನನ್ನು ಸಿಕ್ಕಿಸಿ, ನೋಟಿಫಿಕೇಶನ್ ಎಳೆದು ‘ಫೈಲ್ ಟ್ರಾನ್ಸ್‌ಫರ್’ ಒತ್ತಿ, ಕಾಪಿ ಹಾಕಿ ಕೈಕಾಲು ತೊಳೆಯಲು ಹೋದರೆ, ಕಾಫಿ ಹಿಡಿದು ಬರುವಷ್ಟರಲ್ಲಿ ಬಾದಾಮಿ ತೋಟ, ತೋತಾಪುರಿ ತೋಟಗಳ ಫೋಲ್ಡರುಗಳು ತುಂಬಿರುತ್ತಿದ್ದವು. ಆ ನಿಶ್ಚಿಂತೆ ನನಗೆ ಬಹಳ ಹಿಡಿಸಿತ್ತು.

ಎರಡನೆಯ ಸುಗ್ಗಿಯ ನಡುವೆ ಸಂಪರ್ಕ ಕಡಿಯತೊಡಗಿತು. ಕಾಪಿ ಅರ್ಧಕ್ಕೆ ಬಂದಾಗ ಲ್ಯಾಪ್‌ಟಾಪ್ ‘ಟಿಣ್’ ಎಂದು ಸದ್ದು ಮಾಡಿ ಫೋನಿನ ವಿಂಡೋ ಮಾಯವಾಗುತ್ತಿತ್ತು. ಫೋನಿನಲ್ಲಿ ಮಾತ್ರ ಚಾರ್ಜಿಂಗ್ ಗುರುತು ಹಾಗೆಯೇ ಉಳಿದಿರುತ್ತಿತ್ತು. ಸಂಪರ್ಕ ಮರಳಿದಾಗ ಫೋನು ಬರೀ ಚಾರ್ಜಿಂಗಿಗೆ ಇಳಿದಿರುವುದರಿಂದ ಮತ್ತೆ ಫೈಲ್ ಟ್ರಾನ್ಸ್‌ಫರ್ ಆರಿಸಬೇಕು. ಆಂಡ್ರಾಯ್ಡ್ ಫೋನುಗಳು ಫೈಲ್ ದಾಟಿಸಲು ಬಳಸುವ ಎಂಟಿಪಿ ವಿಧಾನದಲ್ಲಿ ನಿಂತಲ್ಲಿಂದ ಮುಂದುವರಿಸುವ ಸೌಲಭ್ಯವಿಲ್ಲದ ಕಾರಣ ಆ ವಿಡಿಯೊವನ್ನು ಮೊದಲಿನಿಂದ ಕಳಿಸಬೇಕು. ಹೀಗಾಗುವಾಗ ಯಾರೂ ‘ಕಟ್’ ಬಳಸಬಾರದು. ಕಾಪಿ ಮಾಡಿ, ತೆರೆದು ನೋಡಿ, ಆಮೇಲೆ ಅಳಿಸುವುದು ಕ್ಷೇಮ.

ಮೊದಲ ಅನುಮಾನ ಫೋನಿನ ಪೋರ್ಟಿನ ಮೇಲೆ ಬಿತ್ತು. ನಮ್ಮ ಕಡೆಯ ಕೆಮ್ಮಣ್ಣಿನ ದೂಳು ಅಂಗಿಜೇಬಿನ ಹತ್ತಿಯ ಎಳೆಗಳ ಜೊತೆ ಸೇರಿ ಪೋರ್ಟಿನ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಫೋನನ್ನು ಆಫ್ ಮಾಡಿ, ಮರದ ಹಲ್ಲುಕಡ್ಡಿಯನ್ನು ನಡುವಿನ ನಾಲಿಗೆಗೆ ತಾಗದಂತೆ ಅಂಚಿನಲ್ಲಿ ಇಳಿಸಿ ಮೆಲ್ಲಗೆ ಎತ್ತಿದಾಗ ಕಂದು ಬಣ್ಣದ ಸಣ್ಣ ಚಪ್ಪಟೆ ಉಂಡೆಯೊಂದು ಈಚೆ ಬಂತು. ಪಿನ್ನು ಪೂರ್ತಿ ಒಳಗೆ ಹೋಗಿ ಕ್ಲಿಕ್ ಎಂದು ಕೂತರೂ ಕಡಿತ ನಿಲ್ಲಲಿಲ್ಲ.

ಆಮೇಲೆ ಫೋನಿನ ತುದಿಯ ಟೈಪ್-ಸಿ ಪಿನ್ನನ್ನು ತಿರುಗಿಸಿ ಹಾಕಿ ನೋಡಿದೆ. ಈ ಪಿನ್ನಿನಲ್ಲಿ ಯುಎಸ್‌ಬಿ 2.0 ಡೇಟಾ ಸಾಗಿಸುವ ಲೋಹದ ಪಟ್ಟಿಗಳ ಜೋಡಿ ಒಂದೇ ಸಾಲಿನಲ್ಲಿದ್ದು, ಫೋನಿನ ಪೋರ್ಟಿನಲ್ಲಿ ಎರಡೂ ಸಾಲುಗಳಲ್ಲಿರುತ್ತದೆ. ಒಂದು ಮಗ್ಗುಲಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಕಡಿದರೆ ಪೋರ್ಟನ್ನೇ ಅನುಮಾನಿಸಬೇಕು. ನನಗೆ ಎರಡು ಮಗ್ಗುಲಲ್ಲೂ ಕಡಿಯಿತು. ಒಂದು ಪೋರ್ಟನ್ನು ಹಲವಾಗಿಸುವ ಹಬ್ ತೆಗೆದು ಲ್ಯಾಪ್‌ಟಾಪಿಗೆ ನೇರವಾಗಿ ಹಾಕಿದ್ದು, ವಿಂಡೋಸಿನ ಪವರ್ ಆಯ್ಕೆಗಳಲ್ಲಿ ವಿದ್ಯುತ್ ಉಳಿಸಲು ಯುಎಸ್‌ಬಿ ಪೋರ್ಟನ್ನು ಮಲಗಿಸುವ ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ನಿಲ್ಲಿಸಿದ್ದು, ಯಾವುದೂ ಫಲ ಕೊಡಲಿಲ್ಲ. ಪಕ್ಕದ ಮನೆಯಿಂದ ತಂದ ಸಾದಾ ಗಿಡ್ಡ ಕೇಬಲ್ಲಿನಲ್ಲಿ ಮಾತ್ರ ಅದೇ ಪೋರ್ಟಿನ ಮೂಲಕ ಇಡೀ ಫೋಲ್ಡರ್ ಒಂದೇ ಉಸಿರಿನಲ್ಲಿ ದಾಟಿತು.

ದೋಷವಿದ್ದದ್ದು ಈ ಕೇಬಲ್ಲಿನ ಲ್ಯಾಪ್‌ಟಾಪ್ ತುದಿಯ ಅಗಲ ಪಿನ್ನಿನಲ್ಲಿ. ಅದರ ಲೋಹದ ಕವಚ ಸಡಿಲವಾಗಿ, ಫೋನನ್ನು ಮೇಜಿನ ಮೇಲೆ ಕೊಂಚ ಸರಿಸಿದರೂ ಪಿನ್ನು ಹಿಂದಕ್ಕೆ ಜರುಗುತ್ತಿತ್ತು; ಹೆಬ್ಬೆರಳಿನಿಂದ ಒತ್ತಿ ಹಿಡಿದಷ್ಟು ಹೊತ್ತು ಕಾಪಿ ನಡೆಯುತ್ತಿತ್ತು. ಈ ಟೈಪ್-ಎ ಪಿನ್ನಿನ ನಾಲ್ಕು ಪಟ್ಟಿಗಳಲ್ಲಿ ಅಂಚಿನ ಎರಡು ವಿದ್ಯುತ್ತಿನವು, ಉದ್ದವಾಗಿರುತ್ತವೆ. ನಡುವಿನ ಎರಡು ಡೇಟಾದವು, ಗಿಡ್ಡವಾಗಿರುತ್ತವೆ. ಪಿನ್ನು ಸ್ವಲ್ಪ ಜರುಗಿದರೆ ಡೇಟಾ ಕಡಿದು ಚಾರ್ಜಿಂಗ್ ನಡೆದೇ ಇರುವುದು ಇದರಿಂದಲೇ. ಮಾನದಂಡದ ಪ್ರಕಾರವೇ ಟೈಪ್-ಸಿ 10,000 ಸಲ ಹಾಕಿ ತೆಗೆಯುವುದನ್ನು ತಾಳಬೇಕು, ಮಾಮೂಲು ಟೈಪ್-ಎ ಕನಿಷ್ಠ 1,500 ಸಲ. ಸವೆಯುವ ತುದಿ ಯಾವುದೆಂದು ತಿಳಿದೂ ತಯಾರಕರು ಗಟ್ಟಿತನವನ್ನೆಲ್ಲ ಹೊದಿಕೆಗೆ ಸುರಿದಿರುವುದು ನನಗೆ ಬೇಸರ ತಂದ ಸಂಗತಿ.

ವಾರಂಟಿಯಿದ್ದುದರಿಂದ ಕೊಂಡ ಅಂಗಡಿಗೆ ಒಯ್ದೆ. ಅಲ್ಲಿಯವರು ತಮ್ಮ ಫೋನಿಗೆ ಸಿಕ್ಕಿಸಿ ನೋಡಿ, “ಚಾರ್ಜ್ ಆಗ್ತಾ ಇದೆಯಲ್ಲ ಸರ್, ಇನ್ನೇನಾಗ್ಬೇಕು?” ಎಂದರು. ಡಬ್ಬಿಯ ಮುಂಭಾಗದಲ್ಲಿ ಚಾರ್ಜಿಂಗ್ ವೇಗವನ್ನು ದಪ್ಪಕ್ಷರದಲ್ಲಿ ಮುದ್ರಿಸಿ, 480 ಎಂಬಿಪಿಎಸ್ ಎಂಬ ಡೇಟಾ ವೇಗವನ್ನು ಹಿಂಬದಿಯ ಮೂಲೆಗೆ ತಳ್ಳಿದ ಮೇಲೆ ಅಂಗಡಿಯವರನ್ನೊಬ್ಬರನ್ನೇ ದೂರಲಾರೆ. ಆದರೆ ಬರೆದುಕೊಟ್ಟ ಗುಣ ಕೆಟ್ಟಾಗ ಬದಲಿ ಕೊಡುವುದು ನ್ಯಾಯ, ಅದು ನನಗೆ ಸಿಗಲಿಲ್ಲ.

ಚಾರ್ಜಿಂಗಿಗೆ ಮಾತ್ರ ಬೇಕಾದವರು ಇದನ್ನು ಧಾರಾಳವಾಗಿ ಕೊಳ್ಳಬಹುದು, ಹೊದಿಕೆಯ ಒಂದು ಎಳೆಯೂ ಇನ್ನೂ ಬಿಚ್ಚಿಲ್ಲ. ಫೈಲ್ ದಾಟಿಸುವವರು ಇದರ ಅರ್ಧ ಬೆಲೆಗೆ ಸಿಗುವ, ಡೇಟಾ ಕೇಬಲ್ ಎಂದು ನಮೂದಿಸಿರುವ ಗಿಡ್ಡನೆಯದನ್ನು ಕೊಂಡು, ಅಂಗಡಿಯಲ್ಲೇ ಒಂದು ದೊಡ್ಡ ವಿಡಿಯೊ ಕಾಪಿಗೆ ಹಾಕಿ, ಪಿನ್ನನ್ನು ಬೆರಳಿನಿಂದ ಸ್ವಲ್ಪ ಅಲುಗಾಡಿಸಿ ನೋಡಲಿ. ನನ್ನ ಕಡೆಯಿಂದ ಎರಡೂವರೆ ಸ್ಟಾರ್.