ಎದುರಿನ ಜೆರಾಕ್ಸ್ ಅಂಗಡಿಗೆ ನಾಲ್ಕು ಸ್ಟಾರ್, ಸರ್ಕಾರಕ್ಕೆ ಒಂದೂವರೆ

ಮೊದಲೇ ಹೇಳಿಬಿಡುತ್ತೇನೆ, ಇದು ಹೋಟೆಲ್ ರಿವ್ಯೂ ಅಲ್ಲ. ಖಾತಾ ವರ್ಗಾವಣೆ ಅನ್ನೋ ಸೇವೆಯ ರಿವ್ಯೂ. ಅಪ್ಪ ತೀರಿಕೊಂಡ ಮೇಲೆ ಮನೆ ಖಾತೆಯನ್ನು ಅಮ್ಮನ ಹೆಸರಿಗೆ ಮಾಡಿಸಬೇಕಿತ್ತು. ಬೆಂಗಳೂರಿನ ಒಂದು ಕಂದಾಯ ಕಚೇರಿ. ಯಾವುದು ಅಂತ ಬರೆಯಲ್ಲ, ಅಲ್ಲಿ ನಮ್ಮದು ಇನ್ನೂ ಒಂದು ಕೆಲಸ ಬಾಕಿ ಇದೆ. ನಿಮ್ಮ ಏರಿಯಾದ್ದೇ ಅಂದುಕೊಳ್ಳಿ, ಏನೂ ತೊಂದರೆ ಇಲ್ಲ.

ಮರಣ ಪ್ರಮಾಣಪತ್ರ, ವಂಶವೃಕ್ಷ, ಕ್ರಯಪತ್ರದ ನಕಲು, ಋಣಭಾರ ಪತ್ರ, ತೆರಿಗೆ ಕಟ್ಟಿದ ರಸೀದಿ, ತಂಗಿಯ ಒಪ್ಪಿಗೆ ಪತ್ರ, ಎಲ್ಲ ಜೋಡಿಸಿ ಅರ್ಜಿ ಹಾಕಿದೆವು. ಸಕಾಲದ (ಸರ್ಕಾರಿ ಸೇವೆ ಇಂತಿಷ್ಟು ದಿನದೊಳಗೆ ಕೊಡಲೇಬೇಕು ಅನ್ನೋ ಯೋಜನೆ) ರಸೀದಿ ಕೊಟ್ಟರು, ಅದರಲ್ಲಿ ಹದಿನೈದು ಅಂಕಿಯ ನಂಬರು, ಕೆಲಸ ಮುಗಿಯಬೇಕಾದ ದಿನಾಂಕ, ಎಲ್ಲ ಅಚ್ಚುಕಟ್ಟು. ಆ ದಿನ ಮನೆಗೆ ಬಂದು ಅಮ್ಮನಿಗೆ "ಕಾಲ ಬದಲಾಗಿದೆ" ಅಂತ ಜಂಭದಿಂದ ಹೇಳಿದ್ದೆ.

ಆಮೇಲೆ ಶುರುವಾಯಿತು. ಸರ್ವರ್ ಡೌನ್. ಕೇಸ್ ವರ್ಕರ್ ರಜೆ. ಆರ್‌ಐ, ಅಂದರೆ ಕಂದಾಯ ನಿರೀಕ್ಷಕರು, ಸ್ಥಳ ಪರಿಶೀಲನೆಗೆ ಬರಬೇಕು, ಆದರೆ ಅವರು ಬೇರೆ ಡ್ಯೂಟಿಯಲ್ಲಿದ್ದಾರೆ. ದಿನಾಂಕ ಮುಗಿಯೋಕೆ ಎರಡು ದಿನ ಇದ್ದಾಗ ಫೋನಿಗೆ ಮೆಸೇಜ್ ಬಂತು, ಅರ್ಜಿ ತಿರಸ್ಕೃತ, ಕಾರಣ "ದಾಖಲೆ ಸ್ಪಷ್ಟವಾಗಿಲ್ಲ". ಯಾವ ದಾಖಲೆ? ಅದನ್ನು ಬರೆದಿಲ್ಲ. ಗೊತ್ತಿರಲಿ, ಅವಧಿಯೊಳಗೆ ತಿರಸ್ಕರಿಸಿದರೆ ಅದೂ ವಿಲೇವಾರಿಯ ಲೆಕ್ಕಕ್ಕೇ ಸೇರುತ್ತದೆ. ಅಂದರೆ ನಮ್ಮ ಕೆಲಸ ಆಗಲಿಲ್ಲ, ಅವರ ಕೆಲಸ ಸಕಾಲದಲ್ಲೇ ಆಯಿತು!

ಮತ್ತೆ ಅರ್ಜಿ, ಮತ್ತೆ ಹೊಸ ನಂಬರು. ಈ ಸಲ ತಿರಸ್ಕರಿಸಲೂ ಇಲ್ಲ, ಸುಮ್ನೆ ಇಟ್ಟುಕೊಂಡು ಕೂತರು. ದಿನಾಂಕ ದಾಟಿತು.

ಈಗ ಎದುರಿನ ಅಂಗಡಿ ವಿಚಾರ. ಕಚೇರಿಯ ಎದುರು ಒಂದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇದೆ. ನಾನು ಮೂರನೇ ಸಲ ವಂಶವೃಕ್ಷದ ಜೆರಾಕ್ಸ್ ಮಾಡಿಸುವಾಗ ಅಲ್ಲಿನವರು ತಲೆ ಎತ್ತದೆ ಕೇಳಿದರು, "ಖಾತಾನಾ ಸಾರ್? ಹನ್ನೆರಡು ಸಾವಿರ ಆಗುತ್ತೆ, ಒಂದು ವಾರ." ನಾನು ಏನೂ ಹೇಳಿರಲಿಲ್ಲ, ಆದರೆ ನನ್ನ ಅರ್ಜಿ ಯಾರ ಟೇಬಲ್ ಮೇಲಿದೆ ಅಂತ ಅವರಿಗೆ ಗೊತ್ತಿತ್ತು, ನನಗೇ ಗೊತ್ತಿರಲಿಲ್ಲ. ಸರ್ಕಾರದ ವೆಬ್‌ಸೈಟ್‌ನಲ್ಲಿ "ಪರಿಶೀಲನೆಯಲ್ಲಿದೆ" ಅಂತ ಎರಡೂವರೆ ತಿಂಗಳಿಂದ ಒಂದೇ ಮಾತು.

ಸೇವೆ ಅಂತ ನೋಡಿದರೆ ಅಂಗಡಿಯದ್ದೇ ಮೇಲು, ಬೇಜಾರಾದರೂ ಒಪ್ಪಬೇಕು. ಕೂರಲು ಸ್ಟೂಲ್ ಇದೆ. ಫೋನ್ ಮಾಡಿದರೆ ಎತ್ತುತ್ತಾರೆ. ರೇಟು ಒಂದೇ, ಆಮೇಲೆ ಏರಿಸಲ್ಲ. ಅಮ್ಮನ ಜೊತೆ ಹೋದಾಗ "ಕೂತ್ಕೊಳ್ಳಿ ಅಮ್ಮಾ" ಅಂದರು, ಒಳಗಡೆ ಕಚೇರಿಯಲ್ಲಿ ಎಪ್ಪತ್ತು ದಾಟಿದ ಹೆಂಗಸನ್ನು ಒಂದೂವರೆ ಗಂಟೆ ನಿಲ್ಲಿಸಿದ್ದರು. ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ರಸೀದಿ ಕೊಡಲ್ಲ ಅನ್ನೋ ಕಾರಣಕ್ಕೆ.

ಸರ್ಕಾರಕ್ಕೆ ಭ್ರಷ್ಟಾಚಾರ ತಡೆಯುವ ಮನಸ್ಸಿದೆಯಾ ಅಂತ ನನಗೆ ಅನುಮಾನ ಬಂದಿದ್ದು ಯಾವ ಹಗರಣದ ಸುದ್ದಿ ಓದಿಯೂ ಅಲ್ಲ, ಸಕಾಲದ ನಿಯಮ ಓದಿ. 2011ರ ಕಾಯ್ದೆ, 2012ರ ಏಪ್ರಿಲ್‌ನಲ್ಲಿ ಶುರುವಾದ ಯೋಜನೆ. ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ, ತಡ ಮಾಡಿದವರ ಕೈಯಿಂದಲೇ ವಸೂಲಿ. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಗರಿಷ್ಠ 500 ರೂಪಾಯಿ. ಲೆಕ್ಕ ಹಾಕಿ, 25 ದಿನಕ್ಕೆ ಮೀಟರ್ ನಿಂತುಹೋಗುತ್ತದೆ. ಇಪ್ಪತ್ತಾರನೇ ದಿನದಿಂದ ಎಷ್ಟು ತಿಂಗಳು ಎಳೆದರೂ ಬಿಟ್ಟಿ. ಒಂದು ಕಡೆ ಫೈಲ್ ಹಿಡಿದಿಟ್ಟರೆ ಹೋಗುವುದು 500, ಅದೂ ನಾವು ಮೇಲಿನ ಅಧಿಕಾರಿಗೆ ಮೇಲ್ಮನವಿ ಹಾಕಿ ಗೆದ್ದರೆ. ಇನ್ನೊಂದು ಕಡೆ ಬಿಟ್ಟರೆ ಬರುವುದು ಹನ್ನೆರಡು ಸಾವಿರ. ಈ ಲೆಕ್ಕ ಬರೆದವರಿಗೆ ಸಂಬಳಕ್ಕೂ ಗಿಂಬಳಕ್ಕೂ ಎಷ್ಟು ವ್ಯತ್ಯಾಸ ಅಂತ ಗೊತ್ತಿರಲಿಲ್ಲವೇ? ಅಂತಹ ಮುಗ್ಧರು ಸರ್ಕಾರದಲ್ಲಿ ಇದ್ದಾರೆ ಅಂತ ನಂಬೋದು ನನಗೆ ಕಷ್ಟ.

ಲೋಕಾಯುಕ್ತಕ್ಕೆ ಹೋಗಬಹುದಿತ್ತು. ಅವರ ಕಚೇರಿ ಇರುವ ಎಂ.ಎಸ್. ಬಿಲ್ಡಿಂಗ್ ದೂರವೇನಲ್ಲ. ಟ್ರ್ಯಾಪ್ ಮಾಡಬೇಕೆಂದರೆ, ಅಂದರೆ ಲಂಚ ತಗೊಳ್ಳುವಾಗಲೇ ಹಿಡಿಸಬೇಕೆಂದರೆ, ದುಡ್ಡು ನಾವೇ ತರಬೇಕು, ನೋಟಿನ ನಂಬರು ಬರೆದುಕೊಂಡು ಫಿನಾಫ್ತಲೀನ್ ಪುಡಿ ಸವರುತ್ತಾರೆ, ಆಮೇಲೆ ಮುಟ್ಟಿದವರ ಕೈ ದ್ರಾವಣದಲ್ಲಿ ಅದ್ದಿದರೆ ಗುಲಾಬಿ ಬಣ್ಣ. ನನಗೆ ಆಸೆಯೇ ಆಗಿತ್ತು. ಅಮ್ಮ ಒಂದೇ ಮಾತು ಹೇಳಿದರು, "ಫೈಲು ಪೊಲೀಸರ ಹತ್ರ ಹೋಗಿ ಕೂತ್ರೆ ನನ್ನ ಹೆಸರಿಗೆ ಖಾತಾ ಯಾವಾಗ ಆಗುತ್ತಪ್ಪಾ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಕ್ಕಿಬಿದ್ದವರ ಮೇಲೆ ಕೋರ್ಟಿನಲ್ಲಿ ಮೊಕದ್ದಮೆ ನಡೆಯಬೇಕಾದರೂ ಅವರನ್ನು ಕೆಲಸದಿಂದ ತೆಗೆಯುವ ಅಧಿಕಾರ ಇರುವವರೇ ಅನುಮತಿ ಕೊಡಬೇಕು, ಅಂದರೆ ಕಳ್ಳನ ಮನೆಯವರನ್ನೇ ಕೇಳಿ ಅವನನ್ನು ಹಿಡಿದ ಹಾಗೆ.

ಆ ಲೋಕಾಯುಕ್ತದ ಕತೆಯಾದರೂ ಏನು? 2011ರಲ್ಲಿ ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಅಕ್ರಮ ಗಣಿಗಾರಿಕೆ ವರದಿ ಬಂದು ಮುಖ್ಯಮಂತ್ರಿಯೇ ರಾಜೀನಾಮೆ ಕೊಡಬೇಕಾಯಿತು. ಹಲ್ಲಿದೆ ಅಂತ ಗೊತ್ತಾಯಿತು. 2015ರಲ್ಲಿ ಆಗಿನ ಲೋಕಾಯುಕ್ತರ ಮಗನೇ ವಸೂಲಿ ಪ್ರಕರಣದಲ್ಲಿ ಬಂಧನವಾಗಿ ಸಂಸ್ಥೆಯ ಮಾನ ಹೋಯಿತು, ಅದನ್ನು ರಿಪೇರಿ ಮಾಡುವ ಬದಲು 2016ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಸರ್ಕಾರ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಅಂತ ಬೇರೆಯದೇ ಮಾಡಿ ಪೊಲೀಸ್ ಅಧಿಕಾರವನ್ನು ಅಲ್ಲಿಗೆ ಸಾಗಿಸಿತು, ಎಸಿಬಿ ಇದ್ದದ್ದು ಸರ್ಕಾರದ ಕೈಕೆಳಗೆ. ಆಗ ವಿರೋಧ ಪಕ್ಷದಲ್ಲಿದ್ದ ಬಿಜೆಪಿ ಕೂಗಾಡಿತು. 2019ರಲ್ಲಿ ತಾನೇ ಅಧಿಕಾರಕ್ಕೆ ಬಂದಾಗ ಎಸಿಬಿ ಮುಚ್ಚಿತಾ? ಇಲ್ಲ. ಮುಚ್ಚಿಸಿದ್ದು ಹೈಕೋರ್ಟ್, 2022ರ ಆಗಸ್ಟ್‌ನಲ್ಲಿ. ಆಮೇಲಿನ ತಿಂಗಳೇ ಕಾಂಗ್ರೆಸ್‌ನವರು ಗೋಡೆಗಳಿಗೆ ಮುಖ್ಯಮಂತ್ರಿಯ ಮುಖವನ್ನೇ ಕ್ಯೂಆರ್ ಕೋಡ್ ಮಾಡಿದ ಪೇಸಿಎಂ ಪೋಸ್ಟರ್ ಅಂಟಿಸಿದರು, ಬಿಜೆಪಿ ಸರ್ಕಾರದಲ್ಲಿ 40 ಪರ್ಸೆಂಟ್ ಕಮಿಷನ್ ಅಂತ ಊರೆಲ್ಲ ಮಾತು, 2023ರಲ್ಲಿ ಗೆದ್ದೂ ಗೆದ್ದರು. ಪೋಸ್ಟರ್ ಹರಿದುಹೋಯಿತು, ಹನ್ನೆರಡು ಸಾವಿರ ಹನ್ನೆರಡು ಸಾವಿರವಾಗಿಯೇ ಇದೆ. ಪಾಲಿಕೆಯನ್ನು ಐದು ಭಾಗ ಮಾಡಿದರು, ಕಚೇರಿಯ ಬೋರ್ಡು ಬದಲಾಯಿತು. ಜೆರಾಕ್ಸ್ ಅಂಗಡಿಯ ಬೋರ್ಡು ಹಳೆಯದೇ.

ಯಾವ ಪಕ್ಷದವರೂ ನನ್ನ ಮೇಲೆ ಬೀಳಬೇಡಿ. ಇಬ್ಬರಿಗೂ ಒಂದೇ ರೇಟಿಂಗ್ ಕೊಟ್ಟಿದ್ದೇನೆ.

ಕೊನೆಗೆ ಏನಾಯಿತು ಅಂತ ಕೇಳಬಹುದು. ನಾನು ಕೊಡಲಿಲ್ಲ, ಮೇಲ್ಮನವಿ ಹಾಕುತ್ತೇನೆ ಅಂತ ಹಟ ಹಿಡಿದಿದ್ದೆ. ಅಷ್ಟರಲ್ಲಿ ನಮ್ಮ ಭಾವ ಒಂದು ಶನಿವಾರ ಫೋನ್ ಮಾಡಿ "ಅತ್ತೆ ದಿನಾ ಕಣ್ಣೀರು ಹಾಕ್ತಿದ್ರು, ನಾನು ಮುಗಿಸಿದೆ, ನೀನು ಸುಮ್ನಿರು" ಅಂದರು. ಐದನೇ ದಿನ ಖಾತಾ ಬಂತು. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ಪ್ರಕಾರ ಲಂಚ ಕೊಡೋದೂ ಅಪರಾಧ, ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು ಅಂತ ಭಾವನಿಗೆ ಹೇಳಿದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ, ಖಾತಾ ವಾಪಸ್ ಕೊಡಿ ಅಂತಲೂ ಹೇಳಲಿಲ್ಲ, ಅದನ್ನೂ ಬರೆದುಬಿಡುತ್ತೇನೆ.

ಒಂದೂವರೆ ಸ್ಟಾರ್ ಯಾಕೆ ಅಂದರೆ, ಅರ್ಜಿ ತೆಗೆದುಕೊಳ್ಳುವ ಕೌಂಟರಿನ ಹುಡುಗಿಗೆ ಒಂದು. ಪಾಪ, ಇದ್ದವರಲ್ಲಿ ಆಕೆ ಒಬ್ಬಳೇ ಮುಖ ನೋಡಿ ಮಾತಾಡಿದ್ದು. ಇನ್ನರ್ಧ ಸಕಾಲದ ಅಚ್ಚುಕಟ್ಟಾದ ರಸೀದಿಗೆ.

ಹೋಗುವವರಿಗೆ: ಬೆಳಿಗ್ಗೆ ಹನ್ನೊಂದರ ಮೊದಲು ಹೋದರೆ ಪ್ರಯೋಜನ ಇಲ್ಲ, ಕುರ್ಚಿ ಮೇಲೆ ಟವೆಲ್ ಮಾತ್ರ ಇರುತ್ತದೆ. ಶೌಚಾಲಯಕ್ಕೆ ಬೀಗ. ನೀರು ಮನೆಯಿಂದಲೇ ತನ್ನಿ. ಸಕಾಲ ರಸೀದಿಯ ಫೋಟೋ ತೆಗೆದಿಡಿ, ತಿರಸ್ಕರಿಸಿದರೆ ಯಾವ ದಾಖಲೆ, ಏನು ತಪ್ಪು ಅಂತ ಬರವಣಿಗೆಯಲ್ಲಿ ಕೇಳಿ. ಜೆರಾಕ್ಸ್ ಪುಟಕ್ಕೆ ಮೂರು ರೂಪಾಯಿ.