ಪರ್ಮ್ಯಾಂಗನೇಟ್ ಟೈಟ್ರೇಶನ್: ಆಕ್ಸಾಲಿಕ್ ಆಮ್ಲವೋ, ಮೋರ್ಸ್ ಸಾಲ್ಟೋ?

ಪೊಟ್ಯಾಶಿಯಂ ಪರ್ಮ್ಯಾಂಗನೇಟನ್ನು ಎಷ್ಟೇ ಜಾಗ್ರತೆಯಿಂದ ತೂಗಿದರೂ ಅದರ ಮೊಲಾರಿಟಿಯನ್ನು (ಒಂದು ಲೀಟರ್‌ನಲ್ಲಿ ಎಷ್ಟು ಮೋಲ್ ಎಂಬ ಲೆಕ್ಕವನ್ನು) ನಂಬುವಂತಿಲ್ಲ. ಹರಳಿನಲ್ಲೇ ಅಷ್ಟಿಷ್ಟು ಮ್ಯಾಂಗನೀಸ್ ಡೈಆಕ್ಸೈಡ್ ಇರುತ್ತದೆ, ದ್ರಾವಣ ಬೆಳಕಿಗೆ ಇನ್ನಷ್ಟು ಕೆಡುತ್ತದೆ. ಹಾಗಾಗಿ ಪಿಯುಸಿ ಎರಡನೇ ವರ್ಷದ ಪ್ರಾಕ್ಟಿಕಲ್‌ನಲ್ಲಿ ಅದನ್ನು ಆಕ್ಸಾಲಿಕ್ ಆಮ್ಲದ ಎದುರು ಇಲ್ಲವೇ ಮೋರ್ಸ್ ಸಾಲ್ಟ್ ಎದುರು ಟೈಟ್ರೇಟ್ ಮಾಡಿಸುತ್ತಾರೆ, ಅಂದರೆ ಹನಿಹನಿಯಾಗಿ ಬಿಟ್ಟು ಎಷ್ಟು ಬೇಕಾಯಿತೆಂದು ಅಳೆಸುತ್ತಾರೆ. (ಬಾಟಲಿ ಮೇಲೆ ಫೆರಸ್ ಅಮೋನಿಯಂ ಸಲ್ಫೇಟ್ ಎಂದಿದ್ದರೆ ಅದೇ ಮೋರ್ಸ್ ಸಾಲ್ಟ್.) ಒಂದೇ ಪರ್ಮ್ಯಾಂಗನೇಟ್ ದ್ರಾವಣವನ್ನು ಎರಡರ ಎದುರೂ ಬಿಟ್ಟು ನೋಡಿದರೆ ಕಾಣುವುದಿಷ್ಟು: ಆಕ್ಸಾಲಿಕ್‌ನಲ್ಲಿ ಹರಳನ್ನು ನಂಬಬಹುದು, ಕೈಯನ್ನು ನಂಬುವುದು ಕಷ್ಟ. ಮೋರ್ಸ್ ಸಾಲ್ಟ್‌ನಲ್ಲಿ ಕೆಲಸ ಸಲೀಸು, ಅನುಮಾನವೆಲ್ಲ ಬಾಟಲಿಯ ಮೇಲೆ.

ಹೋಲಿಕೆ ನ್ಯಾಯವಾಗಿರಬೇಕಾದರೆ ಮೊದಲು ಅಳತೆ ಸರಿಹೊಂದಬೇಕು. ಪರ್ಮ್ಯಾಂಗನೇಟ್ 0.02 ಮೋಲಾರ್ ಇರಲಿ: 250 ಮಿ.ಲೀ.ಗೆ 0.79 ಗ್ರಾಂ. ಆಕ್ಸಾಲಿಕ್ 0.05 ಮೋಲಾರ್: 250 ಮಿ.ಲೀ.ಗೆ 1.58 ಗ್ರಾಂ. ಮೋರ್ಸ್ ಸಾಲ್ಟ್ 0.1 ಮೋಲಾರ್: 250 ಮಿ.ಲೀ.ಗೆ 9.80 ಗ್ರಾಂ. ಹೀಗಿದ್ದರೆ 10 ಮಿ.ಲೀ. ಪಿಪೆಟ್‌ಗೆ ಎರಡರಲ್ಲೂ ಪರ್ಮ್ಯಾಂಗನೇಟ್ ತುಂಬಿದ ಬ್ಯೂರೆಟ್ 10ರ ಹತ್ತಿರ ನಿಲ್ಲುತ್ತದೆ. ಪರ್ಮ್ಯಾಂಗನೇಟಿನ ಒಂದು ಮೋಲ್‌ಗೆ ಮೋರ್ಸ್ ಸಾಲ್ಟಿನ ಕಬ್ಬಿಣ ಐದು ಮೋಲ್ ಬೇಕು, ಆಕ್ಸಾಲಿಕ್ ಎರಡೂವರೆ ಸಾಕು. ಇದನ್ನು ಮರೆತು ಮೋರ್ಸ್ ಸಾಲ್ಟನ್ನೂ 0.05 ಮೋಲಾರ್ ಮಾಡಿಕೊಂಡರೆ ರೀಡಿಂಗ್ 5 ಮಿ.ಲೀ.ಗೆ ಇಳಿಯುತ್ತದೆ. ಆಗ 0.1 ಮಿ.ಲೀ. ತಪ್ಪು ಓದಿದರೂ ಶೇ. 2 ಹೋಯಿತು.

ತೂಕದ ವಿಷಯದಲ್ಲಿ ಗೆಲ್ಲುವುದು ಮೋರ್ಸ್ ಸಾಲ್ಟ್. ಎರಡು ದಶಮಾಂಶ ಮಾತ್ರ ತೋರಿಸುವ ತಕ್ಕಡಿಯಲ್ಲಿ 0.01 ಗ್ರಾಂ ಆಚೀಚೆಯಾದರೆ 1.58ರಲ್ಲಿ ಅದು ಶೇ. 0.6, 9.80ರಲ್ಲಿ ಬರೀ ಶೇ. 0.1. ನಾಲ್ಕು ದಶಮಾಂಶದ ತಕ್ಕಡಿ ಇರುವ ಲ್ಯಾಬ್‌ಗೆ ಈ ಮಾತು ಲೆಕ್ಕಕ್ಕಿಲ್ಲ. ಆದರೆ ಮೋರ್ಸ್ ಸಾಲ್ಟ್ ಹಿಡಿದರೆ ಪ್ರತಿ ಬ್ಯಾಚ್‌ಗೂ ಆರು ಪಟ್ಟು ಹೆಚ್ಚು ಉಪ್ಪು ಖರ್ಚು.

ಕರಗಿಸುವಾಗ ಮೋರ್ಸ್ ಸಾಲ್ಟನ್ನು ಬರೀ ನೀರಿಗೆ ಹಾಕಬಾರದು. ಕಬ್ಬಿಣ ಜಲವಿಭಜನೆಯಾಗಿ, ಗಾಳಿಗೆ ಉತ್ಕರ್ಷಣೆಯಾಗಿ, ದ್ರಾವಣ ಹಳದಿ ತಿರುಗಿ ಮಬ್ಬಾಗುತ್ತದೆ. ಸುಮಾರು 2 ಮೋಲಾರ್ ಸಲ್ಫ್ಯೂರಿಕ್ ಆಮ್ಲ 25 ಮಿ.ಲೀ. ಮೊದಲು ಹಾಕಿ, ಅದರಲ್ಲಿ ಕರಗಿಸಿ, ಆಮೇಲೆ ಗುರುತಿನವರೆಗೆ ನೀರು ತುಂಬಿ. ಬಿಸಿ ಮಾಡಬೇಡಿ, ಅವತ್ತೇ ಬಳಸಿ ಮುಗಿಸಿ. ಆಕ್ಸಾಲಿಕ್‌ಗೆ ಈ ಉಪಚಾರ ಯಾವುದೂ ಬೇಡ. ನೀರಲ್ಲಿ ಕದಡಿದರೆ ಸಾಕು, ದ್ರಾವಣ ಮರುದಿನಕ್ಕೂ ನಡೆಯುತ್ತದೆ. ಅದು ವಿಷ, ಬಾಯಿಂದ ಪಿಪೆಟ್ ಎಳೆಯಬೇಡಿ.

ಆಕ್ಸಾಲಿಕ್ ಸತಾಯಿಸುವುದು ಫ್ಲಾಸ್ಕ್‌ನಲ್ಲಿ. 10 ಮಿ.ಲೀ. ದ್ರಾವಣಕ್ಕೆ ಅಷ್ಟೇ 2 ಮೋಲಾರ್ ಸಲ್ಫ್ಯೂರಿಕ್ ಆಮ್ಲ ಸೇರಿಸಿ 60 ಡಿಗ್ರಿವರೆಗೆ ಬಿಸಿ ಮಾಡಿ. ಥರ್ಮಾಮೀಟರ್ ಇಲ್ಲದಿದ್ದರೆ ಬಾಯಲ್ಲಿ ಹಬೆ ಕಾಣಿಸಿಕೊಂಡು, ಫ್ಲಾಸ್ಕನ್ನು ಬರಿಗೈಯಲ್ಲಿ ಹೆಚ್ಚು ಹೊತ್ತು ಹಿಡಿಯಲಾಗದ ಹಂತ ಸಾಕು. ಮೊದಲ ಹನಿ ಬಿದ್ದಾಗ ಗುಲಾಬಿ ಬಣ್ಣ ಹೋಗುವುದೇ ಇಲ್ಲ, ಎಂಡ್ ಪಾಯಿಂಟ್ (ಕ್ರಿಯೆ ಮುಗಿದ ಗುರುತು) ಬಂತೆಂದು ಹೊಸಬರು ಅಲ್ಲೇ ನಿಲ್ಲಿಸಿಬಿಡುತ್ತಾರೆ. ಕ್ರಿಯೆಯನ್ನು ವೇಗಗೊಳಿಸುವ ಮ್ಯಾಂಗನೀಸ್ ಅಯಾನು ಆ ಕ್ರಿಯೆಯಿಂದಲೇ ಹುಟ್ಟಬೇಕು, ಅದಕ್ಕೇ ಈ ತಡ. ಅಲುಗಾಡಿಸುತ್ತ ಕಾಯಿರಿ. ಒಮ್ಮೆ ಬಣ್ಣ ಮಾಯವಾಯಿತೆಂದರೆ ಮುಂದಿನ ಹನಿಗಳು ಬಿದ್ದ ಕೂಡಲೇ ಮಾಯವಾಗುತ್ತವೆ. ಕಾಯದೆ ಸುರಿದರೆ, ಅಥವಾ ಆಮ್ಲ ಕಡಿಮೆಯಾದರೆ, ಕಂದು ಮಡ್ಡಿ ಏಳುತ್ತದೆ. ಅದು ಮ್ಯಾಂಗನೀಸ್ ಡೈಆಕ್ಸೈಡ್. ಆ ಫ್ಲಾಸ್ಕ್ ಚೆಲ್ಲಿ ಹೊಸದಾಗಿ ಮಾಡುವುದೇ ಸರಿ. ಕೊನೆಯ ಹೊತ್ತಿಗೆ ದ್ರಾವಣ ತಣಿದಿರುತ್ತದೆ, ಬಣ್ಣ ಸುಮ್ಮನೆ ನಿಂತಂತೆ ಕಾಣುತ್ತದೆ. ಅನುಮಾನವಿದ್ದರೆ ಮತ್ತೆ ಬೆಚ್ಚಗೆ ಮಾಡಿ, ಮಾಸಿದರೆ ಇನ್ನೊಂದು ಹನಿ. ಹಾಗಂತ ಕುದಿಸಿದರೆ ಆಕ್ಸಾಲಿಕ್ ತಾನೇ ಒಡೆಯಲು ಶುರುವಾಗುತ್ತದೆ.

ಮೋರ್ಸ್ ಸಾಲ್ಟ್‌ನಲ್ಲಿ ಬರ್ನರ್ ಹಚ್ಚುವ ಕೆಲಸವೇ ಇಲ್ಲ. ಅಷ್ಟೇ ಆಮ್ಲ ಹಾಕಿ, ತಣ್ಣಗೇ ಟೈಟ್ರೇಟ್ ಮಾಡಿ, ಪ್ರತಿ ಹನಿಯೂ ತಕ್ಷಣ ಮಾಯ. ಒಂದೇ ತೊಡಕೆಂದರೆ ಫೆರಿಕ್‌ನ (ಉತ್ಕರ್ಷಣೆಯಾದ ಕಬ್ಬಿಣದ) ಹಳದಿ ಛಾಯೆಯಲ್ಲಿ ಗುಲಾಬಿ ಸೇರಿ ಕಿತ್ತಳೆಯಂತೆ ಕಾಣುವುದು. ಫ್ಲಾಸ್ಕ್ ಕೆಳಗೆ ಬಿಳಿ ಟೈಲ್ ಇಡಿ. ಫಾಸ್ಫಾರಿಕ್ ಆಮ್ಲ ಇದ್ದರೆ 1 ಮಿ.ಲೀ. ಹಾಕಿದರೆ ಹಳದಿ ಅಳಿಸಿಹೋಗುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ಮಾತ್ರ ಎರಡಕ್ಕೂ ವರ್ಜ್ಯ. ಪರ್ಮ್ಯಾಂಗನೇಟ್ ಅದರ ಕ್ಲೋರೈಡನ್ನೂ ಉತ್ಕರ್ಷಿಸುತ್ತದೆ, ಕಬ್ಬಿಣ ಇದ್ದಾಗ ಇನ್ನೂ ಜೋರಾಗಿ.

ಕೈ ಇನ್ನೂ ಪಳಗಿಲ್ಲದವರು ಮೋರ್ಸ್ ಸಾಲ್ಟ್‌ನಿಂದ ಶುರು ಮಾಡಲಿ, ನಂಬುವಂಥ ಉತ್ತರ ಬೇಕಾದಾಗ ಆಕ್ಸಾಲಿಕ್‌ಗೆ ಬರಲಿ. ಸಮಯವಿದ್ದರೆ ಎರಡನ್ನೂ ಮಾಡುವುದೇ ಒಳ್ಳೆಯದು, ಏಕೆಂದರೆ ಉತ್ತರಗಳ ನಡುವೆ ಅಂತರ ಬಂದರೆ ಯಾವುದೋ ಬಾಟಲಿ ಕೆಟ್ಟಿದೆ ಎಂದು ಗೊತ್ತಾಗುತ್ತದೆ, ಯಾವುದೆಂದು ಹರಳು ನೋಡಿ ತಿಳಿಯಬೇಕು. ಮೋರ್ಸ್ ಸಾಲ್ಟ್ ಹರಳು ತಿಳಿ ಹಸಿರಿರಬೇಕು. ಹಳದಿಯಾಗಿದ್ದರೆ ಫೆರಸ್ ಕಡಿಮೆಯಾಗಿದೆ, ಬ್ಯೂರೆಟ್‌ನಿಂದ ಕಡಿಮೆ ಇಳಿಯುತ್ತದೆ, ಲೆಕ್ಕದಲ್ಲಿ ಮೊಲಾರಿಟಿ ಹೆಚ್ಚು ಬರುತ್ತದೆ. ಶೇ. 5ರಷ್ಟು ಕೆಟ್ಟಿದ್ದರೆ 10 ಮಿ.ಲೀ. ಬದಲು 9.5, ಉತ್ತರ 0.0200 ಬದಲು 0.0211. ಆಕ್ಸಾಲಿಕ್ ಹರಳು ಒಣಗಿ ಬಿಳಿ ಪುಡಿಯಾಗಿದ್ದರೆ ಅದರ ಉತ್ತರ ತದ್ವಿರುದ್ಧ. ಹರಳಿನ ನೀರು ಹೋಗಿರುವುದರಿಂದ ಅದೇ ತೂಕದಲ್ಲಿ ಆಮ್ಲ ಹೆಚ್ಚಿರುತ್ತದೆ, ಮೊಲಾರಿಟಿ ಕಡಿಮೆ ಬರುತ್ತದೆ.

ಬ್ಯೂರೆಟ್‌ನ ಮಾತು ಎರಡಕ್ಕೂ ಒಂದೇ. ದ್ರಾವಣ ಕಡು ನೇರಳೆಯಾದ್ದರಿಂದ ಮೇಲಂಚನ್ನು ಓದಿ. ತುಂಬಿದ ಮೇಲೆ ಫನೆಲ್ ತೆಗೆಯಿರಿ. ಮೂತಿಯಲ್ಲಿ ಗಾಳಿಗುಳ್ಳೆ ಉಳಿದಿಲ್ಲವೇ ನೋಡಿ. ಗುಲಾಬಿ 30 ಸೆಕೆಂಡ್ ನಿಂತರೆ ಎಂಡ್ ಪಾಯಿಂಟ್. ರಬ್ಬರ್ ಕೊಳವೆಗೆ ಕ್ಲಿಪ್ ಹಾಕಿದ ಬ್ಯೂರೆಟ್ ಬೇಡ, ಪರ್ಮ್ಯಾಂಗನೇಟ್ ರಬ್ಬರನ್ನು ತಿನ್ನುತ್ತದೆ. ತಮಾಷೆಯೆಂದರೆ ಆ ಕ್ಲಿಪ್‌ಗೂ ಈ ಉಪ್ಪಿಗೂ ಇರುವುದು ಒಬ್ಬನೇ ಜರ್ಮನ್ ರಸಾಯನಶಾಸ್ತ್ರಜ್ಞನ ಹೆಸರು, ಕಾರ್ಲ್ ಫ್ರೀಡ್ರಿಕ್ ಮೋರ್. ಕೆಲಸ ಮುಗಿದ ಮೇಲೆ ಗಾಜಿಗೆ ಹಿಡಿದ ಕಂದು ಕಲೆ ಸೋಪಿಗೆ ಜಗ್ಗದು. ಉಳಿದ ಆಕ್ಸಾಲಿಕ್ ದ್ರಾವಣಕ್ಕೆ ಸ್ವಲ್ಪ ಆಮ್ಲ ಸೇರಿಸಿ ಬೆಚ್ಚಗೆ ಮಾಡಿ ತೊಳೆದರೆ ಬಿಡುತ್ತದೆ.