‘ಶಾಟ್ ಗ್ಯಾರಂಟಿ’ ಎನ್ನುವ ಹಕ್ಕಿ ಫೋಟೊ ಪ್ಯಾಕೇಜಿಗೆ ದುಡ್ಡು ಕಟ್ಟುವ ಮುಂಚೆ ಓದಿ

ಮುಂಗಾರು ಹತ್ತಿರವಾಗುತ್ತಿದ್ದಂತೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮತ್ತೆ ಜಾಹೀರಾತು ಶುರುವಾಗಿವೆ: ‘ರಾಜಹಕ್ಕಿ, ಬಿಳಿ ಗಂಡು, ಹತ್ತಿರದಿಂದ, ಶಾಟ್ ಗ್ಯಾರಂಟಿ.’ ರಾಜಹಕ್ಕಿ ಎಂದರೆ ಪ್ಯಾರಡೈಸ್ ಫ್ಲೈಕ್ಯಾಚರ್ ಎಂಬ ಉದ್ದ ಬಾಲದ ಹಕ್ಕಿ. ಹೊಸದಾಗಿ ಕ್ಯಾಮೆರಾ ಕೊಂಡವರು ಇದನ್ನು ದಯವಿಟ್ಟು ಪೂರ್ತಿ ಓದಿ. ಹೋದ ವರ್ಷ ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ನೋಡಿದ್ದನ್ನು ಬರೆಯುತ್ತಿದ್ದೇನೆ.

ಆ ಜಾಹೀರಾತಿನಲ್ಲಿ ಗೂಡು ಎಂಬ ಮಾತೇ ಇರಲಿಲ್ಲ. ಹೈಡ್ (ಹಕ್ಕಿಗೆ ಕಾಣದಂತೆ ಕೂರುವ ಮರೆ) ಇದೆ, ಊಟ-ವಸತಿ ಇದೆ, ಗೈಡ್ ಇರುತ್ತಾರೆ ಎಂದಷ್ಟೇ ಇತ್ತು. ಫೋನ್ ಮಾಡಿ ಕೇಳಿದರೆ, ‘ಹಕ್ಕಿ ದಿನಾ ಒಂದೇ ಕೊಂಬೆಗೆ ಬರುತ್ತೆ ಸಾರ್, ನೀವು ಸುಮ್ಮನೆ ಕೂತ್ಕೊಂಡ್ರೆ ಸಾಕು’ ಎಂದರು. ಅರ್ಧ ಹಣ ಮುಂಗಡ.

ಬೆಳಿಗ್ಗೆ ಕರೆದುಕೊಂಡು ಹೋದದ್ದು ಹಳ್ಳದ ಪಕ್ಕದ ಒಂದು ಎಳೆಯ ಮರದ ಬಳಿಗೆ. ಆಳೆತ್ತರಕ್ಕಿಂತ ತುಸು ಮೇಲೆ, ಕವಲಿನಲ್ಲಿ, ನಾರು ಮತ್ತು ಜೇಡರ ಬಲೆ ಸೇರಿಸಿ ಹೆಣೆದ ಪುಟ್ಟ ಬಟ್ಟಲಿನಂಥ ಗೂಡು. ಸುತ್ತಲಿನ ಎಲೆ, ಕೊಂಬೆಗಳನ್ನೆಲ್ಲ ಕತ್ತಿಯಿಂದ ಸವರಿ ಹಾಕಿದ್ದರು. ಕಡಿದ ಗುರುತು ಇನ್ನೂ ಹಸಿಯಾಗಿತ್ತು. ಎದುರಿಗೇ ಹಸಿರು ಬಟ್ಟೆ ಕಟ್ಟಿದ ಮರೆ, ಅದರ ಹಿಂದೆ ಸಾಲಾಗಿ ಟ್ರೈಪಾಡ್, ಒಬ್ಬರ ಕ್ಯಾಮೆರಾ ಮೇಲೆ ಫ್ಲ್ಯಾಶ್ ಬೇರೆ.

ಗೂಡಿನಲ್ಲಿ ಇನ್ನೂ ಪುಕ್ಕ ಬಾರದ ಮರಿಗಳಿದ್ದವು. ಕಂದು ಬಣ್ಣದ ತಾಯಿ ಕೊಕ್ಕಿನಲ್ಲಿ ಹುಳು ಕಚ್ಚಿಕೊಂಡು ಪಕ್ಕದ ಮರಕ್ಕೆ ಬಂದಿತು. ಕರ್ಕಶವಾಗಿ ಕೂಗುತ್ತಾ ಆ ಕೊಂಬೆಯಿಂದ ಈ ಕೊಂಬೆಗೆ ಹಾರಿತೇ ವಿನಾ ಗೂಡಿಗೆ ಬರಲಿಲ್ಲ. ಕೊನೆಗೆ ಆ ಹುಳುವನ್ನು ತಾನೇ ನುಂಗಿ ಹೊರಟುಹೋಯಿತು. ಅಷ್ಟರಲ್ಲಿ, ಎಲೆಗಳ ನೆರಳು ಇರಬೇಕಾದ ಜಾಗದಲ್ಲಿ, ಬಿಸಿಲು ನೇರವಾಗಿ ಮರಿಗಳ ಮೇಲೆ ಬೀಳತೊಡಗಿತ್ತು. ‘ಅಭ್ಯಾಸ ಆಗುತ್ತೆ ಸಾರ್’ ಎಂದರು ಗೈಡ್. ಕೊಂಬೆ ಕಡಿದದ್ದು ತಪ್ಪು, ಮೊದಲು ಎಲ್ಲರೂ ಇಲ್ಲಿಂದ ಏಳಿ ಎಂದು ನಾನು ಹೇಳಿದ್ದಕ್ಕೆ ಪಕ್ಕದವರು, ‘ನಾವೂ ದುಡ್ಡು ಕೊಟ್ಟೇ ಬಂದಿದ್ದೀವಿ’ ಎಂದರು. ನಾನು ಎದ್ದು ಬಂದೆ. ಮುಂಗಡ ವಾಪಸ್ ಬರಲಿಲ್ಲ, ಅದು ಹಾಳಾಗಲಿ. ಕೆಲವು ದಿನಗಳ ನಂತರ ಆ ತೋಟದಲ್ಲಿ ಕೆಲಸ ಮಾಡುವವರೊಬ್ಬರಿಂದ ವಿಷಯ ತಿಳಿಯಿತು: ಮರಿಗಳನ್ನು ಕಾಗೆ ಜಾತಿಯ ಮಟಪಕ್ಷಿ ಎತ್ತಿಕೊಂಡು ಹೋಗಿತ್ತು.

ಮಟಪಕ್ಷಿಯನ್ನು ದೂರಿ ಫಲವಿಲ್ಲ. ಗೂಡನ್ನು ಅದರ ಕಣ್ಣಿಗೆ ಬೀಳುವಂತೆ ತೆರೆದಿಟ್ಟವರು ಮನುಷ್ಯರು. ರಾಜಹಕ್ಕಿ ಕೆಲವೊಮ್ಮೆ ಕಾಜಾಣದ ಗೂಡಿನ ಸಮೀಪದಲ್ಲೇ ಗೂಡು ಕಟ್ಟುತ್ತದೆ. ಕಳ್ಳ ಹಕ್ಕಿಗಳನ್ನು ಕಾಜಾಣ ಅಟ್ಟಿಬಿಡುತ್ತದೆ. ಇಷ್ಟೆಲ್ಲ ನೋಡಿ ಆರಿಸಿದ ಜಾಗ ಅದು. ಕಾವು ಕೂರಲು ಸುಮಾರು ಎರಡು ವಾರ, ಮರಿ ಹಾರಲು ಮತ್ತೆ ಒಂಬತ್ತರಿಂದ ಹನ್ನೆರಡು ದಿನ. ಅಷ್ಟು ದಿನದ ಪಾಡನ್ನು ಒಂದು ಬೆಳಗಿನ ಫೋಟೊ ಮುಗಿಸಿಬಿಡಬಲ್ಲದು.

ಗೂಡನ್ನೇ ಯಾಕೆ ಮಾರುತ್ತಾರೆ ಅನ್ನುವುದು ಕ್ಯಾಮೆರಾ ಹಿಡಿದ ಎಲ್ಲರಿಗೂ ಗೊತ್ತು. ಕಾಡಿನ ಸಣ್ಣ ಹಕ್ಕಿ ಒಂದು ಕಡೆ ಎರಡು ಸೆಕೆಂಡ್ ಕೂರುವುದಿಲ್ಲ. ಬೆಳಕು ಕಮ್ಮಿ, ಫೋಕಸ್ ಹಕ್ಕಿಯ ಬದಲು ಮುಂದಿನ ಕಡ್ಡಿಗೆ ಹೋಗುತ್ತದೆ. ಅಂಥ ಹಕ್ಕಿ ಖಂಡಿತವಾಗಿ ಮತ್ತೆ ಮತ್ತೆ ಬರುವ ಜಾಗವೆಂದರೆ ಹಸಿದ ಮರಿಗಳಿರುವ ಗೂಡು. ಅದರ ಅಸಹಾಯಕತೆಯನ್ನೇ ಪ್ಯಾಕೇಜ್ ಮಾಡಿ ಮಾರುತ್ತಿದ್ದಾರೆ. ಮಳೆಗಾಲದಲ್ಲಿ ಮಣ್ಣಿನ ದರೆ ಕೊರೆದು ಗೂಡು ಮಾಡುವ ಪುಟ್ಟ ಡ್ವಾರ್ಫ್ ಕಿಂಗ್‌ಫಿಶರ್ ಮುಂದೆಯೂ ಹೀಗೆಯೇ ಹಕ್ಕಿ ಕೂರಲೆಂದು ಕಡ್ಡಿ ನೆಟ್ಟು, ಜನರನ್ನು ಕೂರಿಸುತ್ತಾರೆ.

ಇದು ಬರೀ ನೀತಿಯ ಮಾತಲ್ಲ. 1972ರ ವನ್ಯಜೀವಿ (ಸಂರಕ್ಷಣಾ) ಕಾಯ್ದೆ ‘ಬೇಟೆ’ ಎಂಬುದಕ್ಕೆ ಕೊಡುವ ವಿವರಣೆಯಲ್ಲೇ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ. ಖಾಸಗಿ ತೋಟ, ಇಲ್ಲಿ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಣ ಕಳಿಸುವ ಮುಂಚೆ ನೇರವಾಗಿ ಕೇಳಿ: ಅಲ್ಲಿ ಗೂಡಿದೆಯೇ? ಹಕ್ಕಿಯನ್ನು ಸೆಳೆಯಲು ಅದರ ಕೂಗನ್ನು ಸ್ಪೀಕರಿನಲ್ಲಿ ಹಾಕುತ್ತೀರಾ? ಮಾತು ಹಾರಿಸಿದರೆ ಬಿಟ್ಟುಬಿಡಿ. ಅವರು ಹಿಂದೆ ಹಾಕಿದ ಚಿತ್ರಗಳನ್ನೂ ನೋಡಿ. ಬಾಯಲ್ಲಿ ಹುಳು ಹಿಡಿದ ಹಕ್ಕಿಯೇ ಎಲ್ಲ ಚಿತ್ರಗಳಲ್ಲಿದ್ದರೆ, ಬೇರೆ ಬೇರೆ ಜನರ ಚಿತ್ರಗಳಲ್ಲಿ ಅದೇ ಕೊಂಬೆ ಕಂಡರೆ, ಅದು ಗೂಡೇ.

ರಾಜಹಕ್ಕಿಯ ಚಿತ್ರ ಬೇಕೆಂದರೆ ನೀರಿನ ಹತ್ತಿರ ಹೋಗಿ. ಸಂಜೆಯ ಹೊತ್ತು ಅದು ಸ್ನಾನಕ್ಕೆ ಬಂದು ಮೇಲಿನಿಂದ ಪಟಕ್ಕನೆ ನೀರಿಗೆ ಧುಮುಕಿ ಹೋಗುತ್ತದೆ. ಆ ಚಲನೆ ಗೂಡಿನ ಚಿತ್ರಕ್ಕಿಂತ ಎಷ್ಟೋ ಪಟ್ಟು ಚೆಂದ. ಶಟರ್ ವೇಗವನ್ನು 1/1600 ಸೆಕೆಂಡಿಗಿಂತ ನಿಧಾನ ಮಾಡಬೇಡಿ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200, 6400 ಆದರೂ ಅಂಜಬೇಡಿ. ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿರುವ ತಂಗುದಾಣ ಓಲ್ಡ್ ಮ್ಯಾಗಝೀನ್ ಹೌಸ್‌ನಲ್ಲಿ ಹಕ್ಕಿಗಳಿಗೆಂದು ಇಟ್ಟ ನೀರಿನ ತಾವುಗಳ ಬಳಿ ಕೂತು ಹೊಸಬರೂ ಒಳ್ಳೆಯ ಚಿತ್ರ ತೆಗೆದಿದ್ದಾರೆ. ಕಾಡಂಚಿನಲ್ಲಿ ಕಾಜಾಣದ ಕೂಗು ಕೇಳಿದರೆ ಅಲ್ಲೇ ನಿಲ್ಲಿ. ಅದರ ಜೊತೆ ಸಣ್ಣ ಹಕ್ಕಿಗಳ ದೊಡ್ಡ ಗುಂಪೇ ಇರಬಹುದು. ಗುಂಪಿನ ಹಿಂದೆ ಓಡದೆ, ಅದು ಸಾಗುವ ದಿಕ್ಕಿನಲ್ಲಿ ಮುಂದೆ ಹೋಗಿ ಕಾಯಿರಿ.

ಗೂಡಿನ ಮುಂದೆ ಇಂಥ ಮರೆ ಕಟ್ಟಿರುವುದು ಕಂಡರೆ, ಕಡಿದ ಕೊಂಬೆಗಳ ಫೋಟೊವನ್ನು ದೂರದಿಂದಲೇ ತೆಗೆದುಕೊಂಡು, ಜಾಗದ ಗುರುತು ಸಮೇತ ಆ ವಲಯದ ಅರಣ್ಯಾಧಿಕಾರಿಗೆ ಕೊಡಿ. ಗುಂಪುಗಳಲ್ಲಿ ಮಾತ್ರ ಆ ಜಾಗ ಹಾಕಬೇಡಿ. ಹಾಕಿದರೆ ಮರುದಿನವೇ ಇನ್ನಷ್ಟು ಟ್ರೈಪಾಡ್ ಅಲ್ಲಿಗೆ ಬರುತ್ತವೆ.